ದಾಸವಾಳಕ್ಕೆ ಹೇನು ಬಿದ್ದಿದೆ, ಔಷಧಿ ಡಬ್ಬಿ ತರಬೇಡಿ

ಮಳೆ ನಿಂತು ಬೆಳಗಿನ ಹೊತ್ತು ಚಳಿ ಶುರುವಾಯಿತೆಂದರೆ ನಮ್ಮ ಕಾಲೇಜಿನ ಕಾಂಪೌಂಡಿನ ದಾಸವಾಳದ ಚಿಗುರು ಮುದುಡಿಕೊಳ್ಳುತ್ತದೆ. ಎಲೆ ತಿರುಗಿಸಿ ನೋಡಿದರೆ ಸಾಸಿವೆಗಿಂತ ಸಣ್ಣ ಹುಳುಗಳು ಗುಂಪು ಗುಂಪಾಗಿ ಕೂತಿರುತ್ತವೆ. ಕೆಳಗಿನ ಎಲೆಗಳೆಲ್ಲ ಅಂಟು ಅಂಟು. ಈ ಸಲ ಇದನ್ನು ಮೊದಲು ನೋಡಿದವರು ಪ್ರಥಮ ಪಿಯುಸಿಯ ಹುಡುಗರು. ನೋಡಿದ ಕೂಡಲೇ ಬಂದ ಮಾತು: "ಮೇಡಂ, ನಮ್ಮನೇಲಿ ಕಬ್ಬಿಗೆ ಹೊಡೆದು ಮಿಕ್ಕಿರೋ ಔಷಧಿ ಐತೆ, ನಾಳೆ ತಂದು ಹೊಡೆದುಬಿಡ್ಲಾ?"

ಗಿಡದ ಮೇಲಿನ ಪ್ರೀತಿಯಿಂದ ಕೇಳಿದ ಮಾತು ಅದು, ಸಂತೋಷ. ಆದರೆ ಬೇಡ ಎಂದೆ. ಯಾಕೆ ಬೇಡ, ಮತ್ತೆ ಏನು ಮಾಡಬೇಕು ಎಂಬುದನ್ನು ಎರಡು ಪಿರಿಯಡ್ ನಡುವಿನ ಐದು ನಿಮಿಷದಲ್ಲಿ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಗುಲಾಬಿ, ಕರಿಬೇವು, ಅವರೆ ಚಪ್ಪರ ಇಟ್ಟುಕೊಂಡಿರುವ ಎಲ್ಲರಿಗೂ ಇದು ಅನ್ವಯಿಸುತ್ತದೆ.

ಮೊದಲು ಕಣ್ಣಿಗೆ ಕಾಣುತ್ತಿರುವುದು ಏನೆಂದು ಗೊತ್ತುಮಾಡಿಕೊಳ್ಳಬೇಕು. ಸಸ್ಯಹೇನಿನ ಮೈ ಮೆತ್ತಗೆ, ಪೇರುಹಣ್ಣಿನ ಆಕಾರ. ಬಣ್ಣ ಹಸಿರು, ಹಳದಿ, ಕಪ್ಪು, ಯಾವುದೂ ಇರಬಹುದು. ದಾಸವಾಳದಲ್ಲಿ ಸಾಮಾನ್ಯವಾಗಿ ಹಸಿರು ಅಥವಾ ಕಪ್ಪುಮಿಶ್ರಿತ ಹಸಿರು, ಅವರೆಯ ಕುಡಿಯಲ್ಲಿ ಹೊಳೆಯುವ ಕಪ್ಪು, ಎಕ್ಕದ ಗಿಡದಲ್ಲಿ ಅಚ್ಚ ಹಳದಿ. ಭೂತಗನ್ನಡಿ ಹಿಡಿದರೆ ಹಿಂಬದಿಯಲ್ಲಿ ಎರಡು ಪುಟ್ಟ ಕೊಳವೆಗಳು ಕಾಣುತ್ತವೆ. ಹೇನಿನ ಗುರುತೇ ಅದು. ಪಕ್ಕದಲ್ಲೇ ಬಿಳಿ ಹೊಟ್ಟಿನಂಥದ್ದು ಉದುರಿರುತ್ತದೆ. ಅದು ಹೇನು ಬೆಳೆಯುವಾಗ ಕಳಚಿದ ಪೊರೆ, ರೋಗವಲ್ಲ. ದಾಸವಾಳದ ಗೆಣ್ಣಿನಲ್ಲಿ ಹತ್ತಿಯಂತೆ ಬೆಳ್ಳಗೆ ಮೆತ್ತಿಕೊಂಡಿದ್ದರೆ ಅದು ಬೇರೆ, ಹಿಟ್ಟು ತಿಗಣೆ. ಅದರ ವಿಷಯ ಆಮೇಲೆ ಬರುತ್ತದೆ.

ಹೇನು ಎಲೆಯನ್ನು ಕಡಿದು ತಿನ್ನುವುದಿಲ್ಲ. ಸೂಜಿಯಂಥ ಬಾಯಿಯನ್ನು ನೇರವಾಗಿ ಫ್ಲೋಯಮ್‌ಗೆ ಚುಚ್ಚಿ ಕೂರುತ್ತದೆ. ಎಷ್ಟು ಕರಾರುವಾಕ್ಕಾಗಿ ಚುಚ್ಚುತ್ತದೆಂದರೆ, ಸಸ್ಯಶಾಸ್ತ್ರಜ್ಞರು ಫ್ಲೋಯಮ್ ರಸ ಬೇಕಾದಾಗ ಹೇನಿನ ಮೈಯನ್ನು ಕತ್ತರಿಸಿ ತೆಗೆದು, ಗಿಡದಲ್ಲೇ ಉಳಿದ ಸೂಜಿಯಿಂದ ತೊಟ್ಟಿಕ್ಕುವ ರಸವನ್ನು ಹಿಡಿದುಕೊಳ್ಳುತ್ತಾರೆ! ಆ ರಸದಲ್ಲಿ ಸಕ್ಕರೆ ಬಹಳ, ಅಮೈನೋ ಆಮ್ಲ ಕಡಿಮೆ. ತನಗೆ ಬೇಕಾದ ಅಮೈನೋ ಆಮ್ಲ ಸಿಗಲೆಂದು ಹೇನು ರಸವನ್ನು ಕುಡಿಯುತ್ತಲೇ ಇರುತ್ತದೆ, ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಹೊರಹಾಕುತ್ತದೆ. ಕೆಳಗಿನ ಎಲೆಯ ಅಂಟು ಅದೇ. ಅಂಟಿನ ಮೇಲೆ ಮಸಿಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಸಿಹಿಗಾಗಿ ಇರುವೆ ಬರುತ್ತದೆ. ಇರುವೆ ಸುಮ್ಮನೆ ಬಂದು ಹೋಗುವುದಿಲ್ಲ, ಹೇನಿಗೆ ಕಾವಲು ಕೂರುತ್ತದೆ. ಹಸು ಕಾಯುವವರು ಹುಲಿ ಬಂದರೆ ಅಟ್ಟುವಂತೆ, ಹೇನು ತಿನ್ನಲು ಬಂದ ಹುಳುವನ್ನು ಇರುವೆ ಕಚ್ಚಿ ಓಡಿಸುತ್ತದೆ. ಹಾಗಾಗಿ ಗಿಡದ ಕಾಂಡದಲ್ಲಿ ಇರುವೆ ಸಾಲು ಹತ್ತುತ್ತಿದ್ದರೆ ಮೇಲೆ ಹೇನಿದೆಯೇ ಎಂದು ನೋಡುವುದು ಒಳ್ಳೆಯದು.

ಇಷ್ಟು ಬೇಗ ಇಷ್ಟೊಂದು ಹೇನು ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಹವೆಯಲ್ಲಿ ಹೇನಿಗೆ ಗಂಡು ಬೇಕಿಲ್ಲ. ಅನಿಷೇಕ ಜನನ ಎಂದು ನೀವು ಓದುತ್ತೀರಲ್ಲ, ಅದೇ. ಹೆಣ್ಣು ಹೇನು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ, ಆ ಮರಿಯೂ ಹೆಣ್ಣು, ಅದರ ಹೊಟ್ಟೆಯಲ್ಲಿ ಆಗಲೇ ಮುಂದಿನ ಮರಿಗಳು ಬೆಳೆಯಲು ಶುರುವಾಗಿರುತ್ತವೆ. ಮರಿ ದೊಡ್ಡದಾಗಲು ಸುಮಾರು ಒಂದು ವಾರ ಸಾಕು. ಒಂದು ಹೇನಿಗೆ 50 ಮರಿ ಎಂದು ಇಟ್ಟುಕೊಂಡು, ಒಂದೂ ಸಾಯಲಿಲ್ಲವೆಂದು ಲೆಕ್ಕ ಹಾಕಿ: ಮೊದಲ ತಲೆಮಾರಿಗೆ 50, ಎರಡನೆಯದಕ್ಕೆ 2,500, ಮೂರನೆಯದಕ್ಕೆ 1,25,000. ಗಿಡದಲ್ಲಿ ಜಾಗ ಸಾಲದಾದಾಗ ಕೆಲವಕ್ಕೆ ರೆಕ್ಕೆ ಬರುತ್ತದೆ, ಅವು ಪಕ್ಕದ ಗಿಡಕ್ಕೆ ಹಾರುತ್ತವೆ.

ನಿಜವಾಗಿ ಲಕ್ಷಗಟ್ಟಲೆ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದರಲ್ಲೇ ಇಡೀ ವಿಷಯ ಇದೆ.

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಸೂಕ್ಷ್ಮಜೀವಿಗಳ ಅಧ್ಯಾಯದಲ್ಲಿ ಹೇನಿನ ಹತೋಟಿಗೆ ಲೇಡಿಬರ್ಡ್ ಜೀರುಂಡೆ, ಸೊಳ್ಳೆಯ ಹತೋಟಿಗೆ ಡ್ರ್ಯಾಗನ್‌ಫ್ಲೈ ಎಂದು ಒಂದು ಸಾಲು ಬರುತ್ತದೆ. ಒಂದು ಅಂಕದ ಪ್ರಶ್ನೆ ಎಂದು ಉರು ಹೊಡೆದು ಮರೆಯುವ ಸಾಲು. ಲೇಡಿಬರ್ಡ್ ಎಂದರೆ ನಮ್ಮ ಗುಲಗಂಜಿ ಹುಳು. ಕೆಂಪು ಅಥವಾ ಕಿತ್ತಳೆ ಬೆನ್ನು, ಅದರ ಮೇಲೆ ಕಪ್ಪು ಚುಕ್ಕೆ ಇಲ್ಲವೆ ಅಂಕುಡೊಂಕು ಗೆರೆ. ಇದನ್ನು ಎಲ್ಲರೂ ಗುರುತಿಸುತ್ತಾರೆ, ಅಂಗೈ ಮೇಲೆ ಬಿಟ್ಟುಕೊಂಡು ಆಡುತ್ತಾರೆ. ಆದರೆ ಇದರ ಮರಿಯನ್ನು ಗುರುತಿಸುವವರು ಬಹಳ ಕಡಿಮೆ. ಮರಿ ಬೂದುಗಪ್ಪು, ಮೈಮೇಲೆ ಹಳದಿ ಮಚ್ಚೆ, ಆರು ಕಾಲು. ಅಂಗುಲದ ಕಾಲು ಭಾಗದಷ್ಟು ಉದ್ದದ ಮೊಸಳೆಯಂತೆ ಇರುತ್ತದೆ. ನೋಡಲು ಚೆಂದವಿಲ್ಲದ್ದರಿಂದ ಜನ ಇದನ್ನೇ "ಗಿಡ ತಿನ್ನೋ ಹುಳ" ಎಂದು ಹೊಸಕಿ ಹಾಕುತ್ತಾರೆ. ಅತಿ ಹೆಚ್ಚು ಹೇನು ತಿನ್ನುವುದು ಇದೇ ಮರಿ. ಬೆಳೆದು ಮುಗಿಯುವಷ್ಟರಲ್ಲಿ ನೂರಾರು ಹೇನುಗಳನ್ನು ಮುಗಿಸಿರುತ್ತದೆ. ಎಲೆಯ ಅಡಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿಟ್ಟ ಹಳದಿ ಮೊಟ್ಟೆಗಳ ಗುಂಪು ಕಂಡರೆ ಅದೂ ಇದರದೇ, ಕೀಳಬೇಡಿ.

ಇನ್ನೂ ಮೂವರು ಇದ್ದಾರೆ. ಹೂವಿನ ಮುಂದೆ ಗಾಳಿಯಲ್ಲಿ ನಿಂತಂತೆ ಹಾರುವ, ಜೇನುಹುಳುವಿನ ವೇಷದ ಹೂನೊಣ. ಕಾಲಿಲ್ಲದ, ಜಿಗಣೆಯಂತೆ ತೆವಳುವ ಅದರ ಹಸಿರು ಮರಿ ಹೇನನ್ನು ಎತ್ತಿ ಹಿಡಿದು ಹೀರುತ್ತದೆ. ರಾತ್ರಿ ದೀಪಕ್ಕೆ ಬರುವ, ಬಲೆಯಂಥ ರೆಕ್ಕೆಯ ಹಸಿರು ಕೀಟ ಎರಡನೆಯದು. ಕೂದಲೆಳೆಯ ತುದಿಗೆ ಸಿಕ್ಕಿಸಿದ ಹಾಗೆ ಅದರ ಮೊಟ್ಟೆ ಇರುತ್ತದೆ. ಮೂರನೆಯದು ಕಣ್ಣಿಗೆ ಬೀಳದಷ್ಟು ಸಣ್ಣ ಕಣಜ. ಅದು ಹೇನಿನ ಹೊಟ್ಟೆಯೊಳಗೇ ಮೊಟ್ಟೆ ಇಡುತ್ತದೆ. ಗುಂಪಿನ ನಡುವೆ ಕೆಲವು ಹೇನು ಉಬ್ಬಿ, ಕಂದುಬಣ್ಣಕ್ಕೆ ತಿರುಗಿ, ಬೆನ್ನಲ್ಲಿ ದುಂಡಗೆ ತೂತು ಬಿದ್ದು ಸತ್ತಿದ್ದರೆ ಕಣಜದ ಕೆಲಸ ನಡೆದಿದೆ ಎಂದು ತಿಳಿಯಿರಿ.

ಒಂದೇ ತೊಂದರೆ, ಇವರೆಲ್ಲ ತಡವಾಗಿ ಬರುತ್ತಾರೆ. ಹೇನು ಹೆಚ್ಚಿದ ಮೇಲೆ ಗುಲಗಂಜಿ ಹುಳು ಬಂದು ಮೊಟ್ಟೆ ಇಟ್ಟು, ಮರಿಯಾಗಿ, ತಿಂದು ಮುಗಿಸಲು ಹತ್ತು ಹದಿನೈದು ದಿನ ಬೇಕು. ನಾವು ಔಷಧಿ ಹೊಡೆಯಲು ಹೊರಡುವುದು ಸರಿಯಾಗಿ ಆ ಹದಿನೈದು ದಿನದಲ್ಲಿ. ಹೊಡೆದಾಗ ಹೇನೂ ಸಾಯುತ್ತದೆ, ಮೊಸಳೆಮರಿಯೂ ಸಾಯುತ್ತದೆ. ಮುದುಡಿದ ಎಲೆಯೊಳಗೆ ಉಳಿದುಕೊಂಡ ನಾಲ್ಕು ಹೇನಿಗೆ ಈಗ ಶತ್ರುವೇ ಇಲ್ಲ. ಒಂದು ವಾರಕ್ಕೆ ಮರಿ ಹಾಕುವ ಹೇನು ಎಷ್ಟು ಬೇಗ ಹಳೆಯ ಸ್ಥಿತಿಗೆ ಬರುತ್ತದೆ, ಹದಿನೈದು ಇಪ್ಪತ್ತು ದಿನ ಹಿಡಿಯುವ ಗುಲಗಂಜಿ ಹುಳು ಎಷ್ಟು ನಿಧಾನವಾಗಿ ಬರುತ್ತದೆ, ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಔಷಧಿ ಹೊಡೆದ ತೋಟದಲ್ಲಿ ಮತ್ತೆ ಮತ್ತೆ ಹೊಡೆಯಬೇಕಾಗಿ ಬರುವುದು ಇದರಿಂದಲೇ. ಜೊತೆಗೆ, ದಾಸವಾಳ ಮತ್ತು ಹತ್ತಿಗೆ ಬರುವ ಹೇನು ಹಲವು ಕೀಟನಾಶಕಗಳಿಗೆ ಜಗ್ಗದಷ್ಟು ಪಳಗಿಬಿಟ್ಟಿದೆ.

ಇದು ಪುಸ್ತಕದ ಮಾತು ಎನ್ನುವವರಿಗೆ ಕಬ್ಬಿನ ಕಥೆ ಹೇಳುತ್ತೇನೆ. ಮಂಡ್ಯದವರಿಗೆ ಕಬ್ಬಿಗಿಂತ ಹತ್ತಿರದ ಉದಾಹರಣೆ ಇಲ್ಲ. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿತ್ತು. ಈಶಾನ್ಯ ಭಾರತದಲ್ಲಿ ಮೊದಲಿನಿಂದ ಇದ್ದ ಹುಳುವೇ, ಆದರೆ ಈ ಕಡೆಗೆ ಹೊಸದು. ಅದೇ ವರ್ಷ ಬೆಳಗಾವಿ, ಬಾಗಲಕೋಟೆ ಕಡೆಗೆ ದಾಟಿತು, ಆಮೇಲೆ ದಕ್ಷಿಣದ ಕಬ್ಬಿನ ಜಿಲ್ಲೆಗಳಿಗೂ ಇಳಿಯಿತು. ಎಲೆಯ ಅಡಿಭಾಗ ಪೂರ್ತಿ ಬಿಳಿ ಉಣ್ಣೆ, ಮೇಲೆ ಕಪ್ಪು ಬೂಷ್ಟು. ಗದ್ದೆಯೊಳಗೆ ಹೋಗಿ ಬಂದವರ ಬಟ್ಟೆಯೆಲ್ಲ ಬೆಳ್ಳಗಾಗುತ್ತಿತ್ತು. ಆಗಿನ ಕಾಲದ ರೈತರು ನಿಮ್ಮ ಮನೆಯಲ್ಲೇ ಇರುತ್ತಾರೆ, ತಾತನನ್ನೋ ದೊಡ್ಡಪ್ಪನನ್ನೋ ಕೇಳಿ ನೋಡಿ.

ರೈತರು ಔಷಧಿ ಹೊಡೆದರು. ಆದರೆ ಆಳೆತ್ತರ ಮೀರಿ ಬೆಳೆದು ಹೆಣೆದುಕೊಂಡ ಕಬ್ಬಿನೊಳಗೆ ಹೊಡೆಯುವುದು ಹೇಗೆ? ಹೇನು ಇರುವುದು ಎಲೆಯ ಅಡಿಗೆ, ಅದರ ಮೈಮೇಲೆ ಮೇಣದ ಹೊದಿಕೆ. ಔಷಧಿ ಹುಳುವಿಗಿಂತ ಹೆಚ್ಚಾಗಿ ಬೀಳುತ್ತಿದ್ದದ್ದು ಪಂಪು ಹೊತ್ತವನ ತಲೆ, ಮುಖದ ಮೇಲೆ. ಕೊನೆಗೆ ಕೈಹಿಡಿದದ್ದು ಬೇರೆ ಹುಳುಗಳೇ. ಡೈಫಾ ಎಂಬ ಒಂದು ಪತಂಗದ ಕಂಬಳಿಹುಳು (ಎಲೆ ತಿನ್ನದೆ ಹೇನನ್ನು ತಿನ್ನುವ ಅಪರೂಪದ ಜಾತಿ), ಮೈಕ್ರೋಮಸ್ ಎಂಬ ಕಂದು ಬಲೆರೆಕ್ಕೆಯ ಕೀಟ, ಹಾಗೂ ಅಸ್ಸಾಮಿನಿಂದ ತಂದ ಎನ್ಕಾರ್ಸಿಯಾ ಎಂಬ ಪುಟಾಣಿ ಕಣಜ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬೆಂಗಳೂರಿನ ಜೈವಿಕ ನಿಯಂತ್ರಣ ಕೇಂದ್ರದ ವಿಜ್ಞಾನಿಗಳು ಈ ಹುಳುಗಳನ್ನು ಬೆಳೆಸುವ ಕ್ರಮ ರೂಪಿಸಿದರು. ಇದಕ್ಕೆ ದೊಡ್ಡ ಲ್ಯಾಬು ಬೇಕಾಗಲಿಲ್ಲ. ಹೇನು ಬಿದ್ದ ಕಬ್ಬಿನ ಮೇಲೆಯೇ ನೆರಳಿನ ಬಲೆ ಕಟ್ಟಿ, ಒಳಗೆ ಡೈಫಾ, ಮೈಕ್ರೋಮಸ್ ಬಿಟ್ಟು ಹೆಚ್ಚಿಸಿ, ಬೇರೆ ಗದ್ದೆಗೆ ಒಯ್ದು ಬಿಟ್ಟರು. ಇವು ಇರುವ ಗದ್ದೆಗೆ ಔಷಧಿ ಹೊಡೆಯಬೇಡಿ ಎಂದು ರೈತರಿಗೆ ಹೇಳಿದರು. ಕೆಲವೇ ವರ್ಷಗಳಲ್ಲಿ ಉಣ್ಣೆ ಹೇನು ಹತೋಟಿಗೆ ಬಂತು. ಪೂರ್ತಿ ಹೋಗಿಲ್ಲ, ಅಲ್ಲಲ್ಲಿ ಇದೆ, ಆದರೆ ಆಗಿನ ಗಾಬರಿ ಈಗಿಲ್ಲ. ಎಕರೆಗಟ್ಟಲೆ ಕಬ್ಬನ್ನು ಉಳಿಸಿದ ಉಪಾಯ ಕಾಂಪೌಂಡಿನ ಹನ್ನೆರಡು ದಾಸವಾಳಕ್ಕೆ ಸಾಲದೆ?

ರೇಷ್ಮೆ ಮನೆಯ ಮಕ್ಕಳಿಗಂತೂ ನಾನು ಹೇಳಬೇಕಾದ್ದು ಏನೂ ಇಲ್ಲ. ಮಳವಳ್ಳಿ, ಮದ್ದೂರು ಕಡೆ ಹಿಪ್ಪುನೇರಳೆ ಇಟ್ಟವರು ಸೊಪ್ಪಿಗೆ ವಿಷ ತಾಕಿದರೆ ಚಂದ್ರಿಕೆ ಖಾಲಿ ಎಂದು ಬಲ್ಲರು. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪರಂಗಿಯ ಹಿಟ್ಟು ತಿಗಣೆ ಹಿಪ್ಪುನೇರಳೆಗೂ ಹಬ್ಬಿದಾಗ, ರೇಷ್ಮೆ ಬೆಳೆಗಾರರಿಗೆ ಔಷಧಿ ಹೊಡೆಯುವ ದಾರಿಯೇ ಮುಚ್ಚಿಹೋಗಿತ್ತು. 2010ರಲ್ಲಿ ಪೋರ್ಟೊರಿಕೊದಿಂದ ಅಸೆರೊಫೇಗಸ್ ಎಂಬ ಕಣಜವನ್ನು ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, ಬೆಳೆಸಿ ಬಿಟ್ಟರು. ತಿಗಣೆ ತಗ್ಗಿತು. ದಾಸವಾಳದ ಬಿಳಿ ಹಿಟ್ಟು ತಿಗಣೆಗೂ ಇಂಥದೇ ಒಬ್ಬ ಶತ್ರು ಇದ್ದಾನೆ, ಕ್ರಿಪ್ಟೊಲೀಮಸ್ ಎಂಬ ಆಸ್ಟ್ರೇಲಿಯಾ ಮೂಲದ ಗುಲಗಂಜಿ ಜಾತಿಯ ಹುಳು. 1898ರಲ್ಲೇ ದಕ್ಷಿಣ ಭಾರತಕ್ಕೆ ಬಂದದ್ದು. ಇದರ ಮರಿ ಮೈತುಂಬ ಬಿಳಿ ಎಳೆ ಹೊದ್ದು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ತಿಗಣೆಗಿಂತ ದೊಡ್ಡದಾಗಿದ್ದು ಚುರುಕಾಗಿ ಓಡಾಡುತ್ತಿದ್ದರೆ ಅದನ್ನು ಬಿಟ್ಟುಬಿಡಿ.

ಇನ್ನು ಆ ಡಬ್ಬಿಯ ವಿಷಯ. ನಮ್ಮ ಕಡೆ ಅದಕ್ಕೆ "ಔಷಧಿ" ಎನ್ನುತ್ತೇವೆ. ಡಬ್ಬಿಯನ್ನೇ ತಿರುಗಿಸಿ ನೋಡಿದರೆ ವಜ್ರಾಕಾರದ ಗುರುತಿನ ಕೆಳಭಾಗದಲ್ಲಿ ಒಂದು ಬಣ್ಣ ಇರುತ್ತದೆ. ಕೆಂಪು ಎಂದರೆ ಅತ್ಯಂತ ವಿಷ, ಹಳದಿ ಎಂದರೆ ಹೆಚ್ಚು ವಿಷ, ನೀಲಿ ಮಧ್ಯಮ, ಹಸಿರು ಕಡಿಮೆ. ಕೆಂಪು ಬಣ್ಣದ ಮೇಲೆ ತಲೆಬುರುಡೆಯನ್ನೂ ಅಚ್ಚು ಮಾಡಿರುತ್ತಾರೆ. ಕಬ್ಬಿಗೋ ಭತ್ತಕ್ಕೋ ಎಕರೆ ಲೆಕ್ಕದಲ್ಲಿ ಬೆರೆಸುವ ದ್ರಾವಣವನ್ನು ಅಂದಾಜಿನ ಮೇಲೆ ಒಂದು ಬಕೆಟ್ಟಿಗೆ ಮುಚ್ಚಳದಲ್ಲಿ ಸುರಿದು, ಮಕ್ಕಳು ಊಟದ ಡಬ್ಬಿ ಬಿಚ್ಚುವ ಕಟ್ಟೆಯ ಪಕ್ಕ, ಕುಡಿಯುವ ನೀರಿನ ನಲ್ಲಿಯ ಪಕ್ಕ ಹೊಡೆಯುವುದು ಎಂದರೆ ಏನು ಎಂದು ಯೋಚಿಸಿ. ಕೆಲವು ಔಷಧಿಗಳು ಗಿಡದ ರಸದೊಳಗೇ ಸೇರಿ ಹೂವಿನ ಮಕರಂದಕ್ಕೂ ಬರುತ್ತವೆ. ಅಂಥ ಮೂರನ್ನು ಜೇನುಹುಳುಗಳ ಕಾರಣಕ್ಕೆ ಯುರೋಪಿನ ಒಕ್ಕೂಟ 2018ರಲ್ಲಿ ಬಯಲಿನಲ್ಲಿ ಬಳಸದಂತೆ ನಿಷೇಧಿಸಿತು. ಮನೆಯ ಕರಿಬೇವಿಗೆ ಹೊಡೆದದ್ದು ಮರುದಿನದ ಒಗ್ಗರಣೆಗೆ ಬರುತ್ತದೆ. ಮಿಕ್ಕಿದ್ದನ್ನು ತಂಪು ಪಾನೀಯದ ಬಾಟಲಿಗೆ ಹುಯ್ದು ಕಾಲೇಜಿಗೆ ತರುವ ಯೋಚನೆಯಂತೂ ಯಾರಿಗೂ ಬರಬಾರದು. ತಮ್ಮನೋ ತಂಗಿಯೋ ಜ್ಯೂಸ್ ಎಂದು ಕುಡಿಯಲು ಒಂದು ಕ್ಷಣ ಸಾಕು.

ಹಾಗಾದರೆ ಏನು ಮಾಡೋಣ?

ಮೊದಲ ಔಷಧಿ ನೀರು. ಬೆಳಿಗ್ಗೆ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಚಿಗುರನ್ನು ಇನ್ನೊಂದು ಕೈಯಲ್ಲಿ ಆನಿಸಿಕೊಂಡು, ಎಲೆಯ ಅಡಿಗೆ ರಭಸವಾಗಿ ಬಿಡಿ. ಕೆಳಗೆ ಬಿದ್ದ ಹೇನು ಸಾಮಾನ್ಯವಾಗಿ ಮತ್ತೆ ಹತ್ತಿ ಬರುವುದಿಲ್ಲ. ಮೆತ್ತಗಿನ ಮೈ, ಸೂಜಿ ಬಾಯಿ ಮುರಿದಿರುತ್ತದೆ, ಇಲ್ಲವೆ ನೆಲದ ಹುಳುಗಳ ಪಾಲಾಗುತ್ತದೆ. ಎರಡು ದಿನಕ್ಕೊಮ್ಮೆ ಮೂರು ನಾಲ್ಕು ಸಲ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು. ಜೋರು ಮಳೆಗಾಲದಲ್ಲಿ ಹೇನು ಕಡಿಮೆ ಇರುವುದಕ್ಕೂ ಇದೇ ಕಾರಣ. ಬಹಳ ಮುದುಡಿದ ಕುಡಿ ಇದ್ದರೆ ಚಿವುಟಿ ಕವರಿಗೆ ಹಾಕಿ ಕಟ್ಟಿಬಿಡಿ. ಗುಲಾಬಿ ಮೊಗ್ಗಿನ ಮೇಲಿರುವುದನ್ನು ಬೆರಳಲ್ಲೇ ಸವರಿ ತೆಗೆಯಬಹುದು, ಅಸಹ್ಯವೆನಿಸಿದರೆ ಒದ್ದೆ ಬಟ್ಟೆ.

ಎರಡನೆಯದು ಇರುವೆಯನ್ನು ತಡೆಯುವುದು. ನನ್ನ ಅಭಿಪ್ರಾಯದಲ್ಲಿ ಜನ ಬಿಟ್ಟುಬಿಡುವ ಕೆಲಸ ಇದೇ, ಫಲ ಕೊಡುವುದೂ ಇದೇ. ನೆಲದಿಂದ ಒಂದು ಗೇಣು ಮೇಲೆ ಕಾಂಡಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಕಟ್ಟಿ, ಅದರ ಮೇಲೆ ಹರಳೆಣ್ಣೆಯನ್ನೋ ಗ್ರೀಸನ್ನೋ ಬಳಿಯಿರಿ. ತೊಗಟೆಗೆ ನೇರ ಬಳಿಯಬೇಡಿ. ಗಿಡದ ಕೊಂಬೆ ಗೋಡೆಗೆ ತಾಗಿದ್ದರೆ ಕತ್ತರಿಸಿ, ಇಲ್ಲದಿದ್ದರೆ ಇರುವೆ ಗೋಡೆಯಿಂದಲೇ ಸೇತುವೆ ದಾಟುತ್ತದೆ. ಕಾವಲು ತಪ್ಪಿತೆಂದರೆ ಗುಲಗಂಜಿ ಹುಳು ತಾನಾಗಿ ಬರುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಸಾಬೂನು ನೀರು. ಬಟ್ಟೆ ತೊಳೆಯುವ ಬಾರ್ ಸಾಬೂನನ್ನು ತುರಿದು, ಒಂದು ಲೀಟರ್ ನೀರಿಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ, ಕರಗಿಸಿ ಎಲೆಯ ಅಡಿಗೆ ಸಿಂಪಡಿಸಬೇಕು. ಡಿಟರ್ಜೆಂಟ್ ಪುಡಿ ಬೇಡ, ಎಲೆ ಸುಡುತ್ತದೆ. ಸಾಬೂನು ಹೇನಿನ ಮೇಲ್ಪೊರೆಯನ್ನು ಕರಗಿಸುವುದರಿಂದ ಅದು ಒಣಗಿ ಸಾಯುತ್ತದೆ. ತಾಕಿದ್ದು ಮಾತ್ರ ಸಾಯುತ್ತದೆ. ಒಣಗಿದ ಮೇಲೆ ಬಂದು ಕೂರುವ ಗುಲಗಂಜಿ ಹುಳುವಿಗೆ ಏನೂ ಆಗದು. ಮೊಸಳೆಮರಿ ಇರುವ ಕುಡಿಯನ್ನು ಬಿಟ್ಟು ಹೊಡೆಯಿರಿ. ಬೇವಿನ ಎಣ್ಣೆ ಆದರೆ ಲೀಟರಿಗೆ 5 ಮಿಲಿ, ಅದು ನೀರಿನಲ್ಲಿ ಬೆರೆಯಲು ಸ್ವಲ್ಪ ಸಾಬೂನು. ಬೇವಿನ ಬೀಜ ಸಿಕ್ಕರೆ ಇನ್ನೂ ಒಳ್ಳೆಯದು: ಸಿಪ್ಪೆ ತೆಗೆದ 50 ಗ್ರಾಂ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಆ ದಿನವೇ ಬಳಸಬೇಕು. ಬೇವಿನ ಸತ್ವ ಬಿಸಿಲಿಗೆ ಕೆಡುತ್ತದೆ, ಹಾಗಾಗಿ ಸಂಜೆ ಹೊತ್ತು ಸಿಂಪಡಿಸಿ. ಯಾವುದನ್ನೇ ಆಗಲಿ ಮೊದಲು ಒಂದು ಕೊಂಬೆಗೆ ಹೊಡೆದು ಎರಡು ದಿನ ನೋಡಿ. ಒಂದು ವಾರ ಬಿಟ್ಟು ಇನ್ನೊಮ್ಮೆ. ಕರಿಬೇವಿಗೆ ಹೊಡೆದರೆ ಕೆಲವು ದಿನ ಸೊಪ್ಪು ಕೀಳಬೇಡಿ, ಸಾರು ಕಹಿಯಾಗಿ ಮನೆಯಲ್ಲಿ ಬೈಸಿಕೊಳ್ಳುತ್ತೀರಿ.

ಅವರೆಗೆ ಇಬ್ಬನಿ ಆರುವ ಮೊದಲು ಒಲೆಯ ಬೂದಿ ಎರಚುವುದು ನಮ್ಮ ಅಜ್ಜಿಯರ ಕ್ರಮ. ಸಣ್ಣ ಪ್ರಮಾಣದಲ್ಲಿ ಅದೂ ನಡೆಯುತ್ತದೆ. ಮೆಣಸಿನಕಾಯಿ ಬೆಳ್ಳುಳ್ಳಿ ಕಷಾಯ ಕಾಲೇಜಿಗೆ ಬೇಡ, ಗಾಳಿಗೆ ಕಣ್ಣಿಗೆ ಬಿದ್ದರೆ ಒಬ್ಬರಿಗೂ ಪಾಠ ಕೇಳಲಾಗದು. ಹೊಗೆಸೊಪ್ಪಿನ ಕಷಾಯವನ್ನು "ನ್ಯಾಚುರಲ್" ಎಂದು ಹೇಳುವವರಿದ್ದಾರೆ. ಅದರಲ್ಲಿರುವ ನಿಕೋಟಿನ್ ಮನುಷ್ಯರಿಗೂ ಕಡುವಿಷ, ಚರ್ಮದಿಂದಲೇ ಒಳಹೋಗುತ್ತದೆ. ಪಕ್ಕದ ಹಿಪ್ಪುನೇರಳೆಗೆ ಹಾರಿದರೆ ರೇಷ್ಮೆಹುಳು ಉಳಿಯುವುದಿಲ್ಲ. ಗಿಡದಿಂದ ಬಂದದ್ದೆಲ್ಲ ಸೌಮ್ಯ ಎಂದು ಭಾವಿಸಬಾರದು.

ಒಂದು ಮಿತಿಯನ್ನೂ ಹೇಳಬೇಕು. ಪರಂಗಿ ಗಿಡದ ಎಲೆ ಹಳದಿ ಮಚ್ಚೆಯಾಗಿ, ಕಾಯಿಯ ಮೇಲೆ ಉಂಗುರ ಮೂಡಿದ್ದರೆ ಅದು ಹೇನು ಹರಡಿದ ವೈರಸ್. ಹೇನು ಒಂದೆರಡು ನಿಮಿಷ ಚುಚ್ಚಿ ನೋಡಿ ಹಾರಿಹೋಗುವಷ್ಟರಲ್ಲಿ ವೈರಸ್ ದಾಟಿರುತ್ತದೆ. ಅಲ್ಲಿ ನೀರು, ಸಾಬೂನು, ಬೇವು, ಡಬ್ಬಿಯ ಔಷಧಿ ಯಾವುದೂ ಕೆಲಸಕ್ಕೆ ಬಾರದು. ಆ ಗಿಡವನ್ನು ಕಿತ್ತು ಹಾಕುವುದೇ ಉಳಿದವಕ್ಕೆ ಕ್ಷೇಮ.

ಯೂರಿಯಾ ವಿಷಯದಲ್ಲೂ ಕೈ ಹಿಡಿತದಲ್ಲಿರಲಿ. ಗುಲಾಬಿ ಬೇಗ ಚಿಗುರಲೆಂದು ಹಿಡಿಗಟ್ಟಲೆ ಹಾಕಿದರೆ ಚಿಗುರು ಮೆತ್ತಗೆ, ರಸಭರಿತವಾಗಿ ಬರುತ್ತದೆ. ಹೇನಿಗೆ ನಾವೇ ಎಲೆ ಹಾಕಿ ಬಡಿಸಿದಂತೆ. ಕೊಟ್ಟಿಗೆ ಗೊಬ್ಬರ ಸಾಕು. ಕಾಂಪೌಂಡಿನ ಮೂಲೆಯಲ್ಲಿ ಹಿಡಿ ಕೊತ್ತಂಬರಿ, ಸಬ್ಬಸಿಗೆ ಬೀಜ ಚೆಲ್ಲಿ ಹೂ ಬಿಡಲು ಬಿಟ್ಟರೆ ಹೂನೊಣಕ್ಕೂ ಕಣಜಕ್ಕೂ ಮಕರಂದ ಸಿಗುತ್ತದೆ. ಗೇಟಿನಾಚೆಯ ಎಕ್ಕದ ಗಿಡವನ್ನು ಕಡಿಯಬೇಕೆಂದು ಕೆಲವರು ಹೇಳಿದ್ದಾರೆ. ಅದರ ಹಳದಿ ಹೇನು ಎಕ್ಕ, ಕಣಗಿಲೆಯ ಜಾತಿ ಬಿಟ್ಟು ದಾಸವಾಳಕ್ಕೋ ಗುಲಾಬಿಗೋ ಬರುವುದಿಲ್ಲ, ಆದರೆ ಅದನ್ನು ತಿನ್ನಲು ಬಂದ ಗುಲಗಂಜಿ ಹುಳು ನಮ್ಮ ಗಿಡಕ್ಕೂ ಬರುತ್ತದೆ. ಎಕ್ಕ ಅಲ್ಲೇ ಇರಲಿ ಎಂದು ಸಿಬ್ಬಂದಿಯವರಲ್ಲಿ ನನ್ನ ವಿನಂತಿ.

ಮುಂದಿನ ಸೋಮವಾರದಿಂದ ಹದಿನೈದು ದಿನ ಗೇಟಿನ ಎಡಗಡೆಯ ಆರು ದಾಸವಾಳಕ್ಕೆ ನೀರು ಮತ್ತು ಎಣ್ಣೆಪಟ್ಟಿ, ಬಲಗಡೆಯ ಆರಕ್ಕೆ ಏನೂ ಇಲ್ಲ. ಪ್ರತಿ ಗಿಡದಲ್ಲಿ ಎರಡು ಕುಡಿಗೆ ದಾರ ಕಟ್ಟಿ, ದಿನ ಬಿಟ್ಟು ದಿನ ಹೇನು ಎಷ್ಟು, ಗುಲಗಂಜಿ ಹುಳು ಎಷ್ಟು, ಮೊಸಳೆಮರಿ ಎಷ್ಟು ಎಂದು ಎಣಿಸಿ ಬರೆಯಬೇಕು. ಪ್ರಾಜೆಕ್ಟ್‌ಗೂ ಆಯಿತು. ಎಣಿಸಲು ಎಂಟು ಜನ ಬೇಕು, ಬೆಳಿಗ್ಗೆ ಪ್ರಾರ್ಥನೆಗೆ ಕಾಲು ಗಂಟೆ ಮೊದಲು ಬರಬಲ್ಲವರು ಲ್ಯಾಬಿನಲ್ಲಿ ಹೆಸರು ಕೊಡಿ. ಭೂತಗನ್ನಡಿ ನಾಲ್ಕೇ ಇವೆ, ಮನೆಯಲ್ಲಿ ಇದ್ದವರು ತನ್ನಿ.